ಹದ ಬಂದಾಗ ಕೈಲಿ ಕಾಸಿರಲ್ಲ

ಸಣ್ಣ ಹಿಡುವಳಿ ಭತ್ತದ ರೈತರಿಗೆ ಏನಾದ್ರೂ ಮಾಡ್ಬೇಕು ಅಂತ ಹೊರಟೋರು ಮೊದ್ಲು ತರೋದು ಹೊಸ ತಳಿ ಬೀಜದ ಚೀಲ, ಇಲ್ಲಾಂದ್ರೆ ತರಬೇತಿ ಅಂತ ಬರೆದ ಒಂದು ಬ್ಯಾನರ್ರು. ತಳಿ ಬೇಡ ಅಂತಲ್ಲ, 1966ರಲ್ಲಿ ಫಿಲಿಪ್ಪೀನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಐಆರ್-8 ಅನ್ನೋ ತಳಿ ಬಿಟ್ಟಾಗ ಇಳುವರಿ ಹೇಗೆ ಏರ್ತು ಅಂತ ಗೊತ್ತೇ ಇದೆ. ಆದ್ರೆ ಒಂದೆರಡು ಎಕರೆಯೋರ ಗದ್ದೇಲಿ ಈಗ ಜಾಸ್ತಿ ಲಾಸ್ ಆಗ್ತಿರೋದು ಹೊತ್ತು ತಪ್ಪೋದ್ರಿಂದ ಅನ್ಸುತ್ತೆ ನಂಗೆ. ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು ಅನ್ನೋ ಗಾದೇನ ಅವ್ರಿಗೆ ನಾವೇನೂ ಹೇಳ್ಕೊಡಬೇಕಾಗಿಲ್ಲ, ಹದ ಬಂದ ದಿನ ನೀರೋ ಆಳೋ ದುಡ್ಡೋ ಯಾವ್ದೋ ಒಂದು ಇರಲ್ಲ, ಅದೇ ಕಷ್ಟ.

ನಾಟಿನೇ ತಗೊಳ್ಳಿ. ಎಳೇ ಸಸಿ ನೆಟ್ರೆ ತೆಂಡೆ, ಅಂದ್ರೆ ಬುಡದಿಂದ ಬರೋ ಹೊಸ ಕವಲು, ಚೆನ್ನಾಗಿ ಒಡೆಯುತ್ತೆ. ಮಡಗಾಸ್ಕರ್‌ನಲ್ಲಿ 1980ರ ದಶಕದಲ್ಲಿ ಒಬ್ರು ಪಾದ್ರಿ ರೂಪಿಸಿದ ಶ್ರೀ ಪದ್ಧತೀಲಿ 8ರಿಂದ 12 ದಿನದ ಸಸೀನ 25 ಸೆಂ.ಮೀ. ಅಂತರಕ್ಕೆ ಒಂದೊಂದೇ ನೆಡ್ತಾರೆ. ಕೇಳೋಕೆ ಸುಲಭ. ಆದ್ರೆ ಸಸಿ ಬೆಳೆಸೋ ಮಡಿ ಹಾಕಿ ಕೂತೋರಿಗೆ ಮಳೆ ಬರ್ಲಿಲ್ಲ, ನೀರು ಬಂದಾಗ ನಾಟಿ ಆಳುಗಳೆಲ್ಲ ದೊಡ್ಡ ಗದ್ದೆಗೆ ಹೋಗಿದ್ರು, ಕೊನೆಗೆ ನೆಟ್ಟಿದ್ದು 40 ದಿನದ ಬಲಿತ ಸಸಿ. ಇಂಥೋರಿಗೆ ಪಾಠಕ್ಕಿಂತ ಹತ್ತು ದಿನ ಬಿಟ್ಟು ಎರಡನೇ ಮಡಿ ಹಾಕೋಕೆ ಒಂದಿಷ್ಟು ಬೀಜ ಕೊಟ್ರೆ ಎಷ್ಟೋ ಉಪಯೋಗ. ಬೀಜಾನ ಉಪ್ಪುನೀರಲ್ಲಿ ಹಾಕಿ ತೇಲಿದ ಜೊಳ್ಳನ್ನ ತೆಗೆದು, ಮುಳುಗಿದ ಗಟ್ಟಿ ಕಾಳು ತೊಳ್ದು ಬಿತ್ತಿದ್ರಂತೂ ಖರ್ಚಿಲ್ದೆ ಸಸಿ ದಷ್ಟಪುಷ್ಟ.

ಯೂರಿಯಾದ್ದೂ ಅದೇ ಕತೆ. ಗದ್ದೆ ತುಂಬ ನೀರಿದ್ದಾಗ ಒಂದೇ ಸಲ ಎರಚಿಬಿಟ್ರೆ ಅರ್ಧಕ್ಕಿಂತ ಜಾಸ್ತಿ ಪೈರಿಗೆ ದಕ್ಕದೆ ಗಾಳಿಗೋ ನೀರಿಗೋ ಹೋಗುತ್ತೆ. ಮೂರು ಕಂತಲ್ಲಿ ಹಾಕಿ ಅಂತೀವಿ, ಸಾಲದಲ್ಲಿ ಗೊಬ್ಬರ ತರೋರಿಗೆ ಅದು ಯಾವತ್ತು ಸಿಗುತ್ತೋ ಅವತ್ತೇ ಕಂತು! ಎಲೆ ಬಣ್ಣ ನೋಡಿ ಹಾಕೋಕೆ ಒಂದು ಪ್ಲಾಸ್ಟಿಕ್ ಪಟ್ಟಿ ಇದೆ, ತುಂಬಾ ಅಗ್ಗ, ಅದ್ರ ಜೊತೆ ಗೊಬ್ಬರಾನೂ ಸಮಯಕ್ಕೆ ಸಿಗೋ ಹಾಗಿದ್ರೆ ಮಾತ್ರ ಕೆಲ್ಸಕ್ಕೆ ಬರುತ್ತೆ.

ನೀರಿಗೆ ತೂತು ಪೈಪಿನ ಉಪಾಯ ಇದೆ, ಗದ್ದೇಲಿ ತೂತಿರೋ ಪೈಪು ಹೂತು ಅದ್ರೊಳಗಿನ ನೀರಿನ ಮಟ್ಟ ನೋಡ್ತಾ ಇದ್ದು, ಮಣ್ಣೊಳಗೆ ನೀರು 15 ಸೆಂ.ಮೀ. ಇಳಿದ್ಮೇಲೆ ಮತ್ತೆ ಕಟ್ಟೋದು, ಹೂ ಬಿಡೋ ಟೈಮಲ್ಲಿ ಮಾತ್ರ ಒಣಗಿಸಬಾರ್ದು. ಡೀಸೆಲ್ ಪಂಪಿನೋರಿಗೆ ನೇರ ಉಳಿತಾಯ. ಎಷ್ಟು ನೀರು ಬಳಸಿದ್ರೂ ಒಂದೇ ಶುಲ್ಕ ಕಟ್ಟೋ ಕಾಲುವೆ ರೈತರಿಗೆ ಇದ್ರಿಂದ ಜೇಬಿಗೇನು ಬಂತು, ಅವ್ರು ಮಾಡ್ಲಿಲ್ಲ ಅಂತ ಬೈಯೋದು ತಪ್ಪು.

ಎಲ್ಲಕ್ಕಿಂತ ನಂಗೆ ಹೊಟ್ಟೆ ಉರಿಯೋದು ಕೊಯ್ಲಾದ್ಮೇಲೆ. ಹಸಿ ಭತ್ತದ ತೇವ ಶೇ. 20ರ ಮೇಲಿರುತ್ತೆ, ಕಾಪಿಡ್ಬೇಕು ಅಂದ್ರೆ ಶೇ. 14ಕ್ಕೆ ಇಳೀಬೇಕು, ಒಣಗಿಸೋದು ಒಂದು ದಿನ ತಡವಾದ್ರೂ ಕಾಳು ಬಿಸಿಯಾಗಿ ಬಣ್ಣ ಕೆಡೋಕೆ ಶುರು, ಒಣಗಿದ್ದು ಮತ್ತೆ ನೆಂದ್ರೆ ಬಿರುಕು ಬಿಟ್ಟು ಮಿಲ್ಲಲ್ಲಿ ನುಚ್ಚಾಗುತ್ತೆ. ಸರಿ ಒಣಗಿಸಲಿ ಅಂತೀವಿ. ಆದ್ರೆ ಶೇ. 20 ತೇವದ 1000 ಕೆಜಿ ಒಣಗಿ ಶೇ. 14ಕ್ಕೆ ಬಂದ್ರೆ ತೂಕ ಸುಮಾರು 930 ಕೆಜಿ, ಕೊಳ್ಳೋರು ಎರಡಕ್ಕೂ ಒಂದೇ ರೇಟ್ ಕೊಟ್ರೆ ಯಾವ ಪುಣ್ಯಾತ್ಮ ಬಿಸಿಲಲ್ಲಿ ನಿಂತು 70 ಕೆಜಿ ಕಳ್ಕೊತಾನೆ ಹೇಳಿ? ಮೇಲೆ ಸಾಲ ಕೊಟ್ಟೋರು ಕಣದಲ್ಲೇ ಕಾಯ್ತಿರ್ತಾರೆ, ಎಲ್ರೂ ಒಟ್ಟಿಗೆ ಮಾರೋ ಆ ವಾರ ಬೆಲೆ ಬಿದ್ದಿರುತ್ತೆ.

ಅದಕ್ಕೇ ಯಾರಾದ್ರೂ ಎಲ್ಲಿಂದ ಶುರು ಮಾಡ್ಲಿ ಅಂತ ಕೇಳಿದ್ರೆ ಹತ್ತಿಪ್ಪತ್ತು ರೈತರಿಗೆ ಸೇರಿ ಒಂದು ತೇವಾಂಶ ಮೀಟರು, ಒಂದು ತೂಕದ ಯಂತ್ರ, ನಾಲ್ಕು ದೊಡ್ಡ ಟಾರ್ಪಾಲು, ಇಟ್ಟ ಭತ್ತದ ಮೇಲೆ ಎರಡು ತಿಂಗಳ ಕೈಸಾಲ, ಇಷ್ಟರಿಂದ ಅಂತೀನಿ. ಬ್ಯಾನರ್ ಆಮೇಲೆ ಕಟ್ಟೋಣ.