ನಮ್ಮ ಮನೆಯಲ್ಲಿ ಹ್ಯಾಲೊವೀನ್ ಏಕಿಲ್ಲ

ಅಕ್ಟೋಬರ್ ಬಂತೆಂದರೆ ಊರಿನ ನೆಂಟರು ಮಗಳ ವೇಷದ ಫೋಟೊ ಕಳುಹಿಸು ಎನ್ನುತ್ತಾರೆ. ಮಕ್ಕಳು ದೆವ್ವಭೂತಗಳ ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಕೇಳುವ ಇಲ್ಲಿನ ಹಬ್ಬ ಹ್ಯಾಲೊವೀನ್. ಅದನ್ನು ನಾವು ಆಚರಿಸುವುದಿಲ್ಲ ಎಂದರೆ ನಂಬುವುದಿಲ್ಲ. ಇದು ಧರ್ಮದ ಹಟವಲ್ಲ, ಮಿಠಾಯಿ ತಿಂದು ಹಲ್ಲು ಹಾಳಾದೀತೆಂಬ ಚಿಂತೆಯೂ ಅಲ್ಲ. ಅಂಗಳದಲ್ಲಿ ಏಳುವ ಆಟದ ಗೋರಿಗಳನ್ನು ನನ್ನ ಮನಸ್ಸು ಒಪ್ಪುವುದಿಲ್ಲ, ಅಷ್ಟೇ.

ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ ನಮ್ಮ ಮನೆ. ಹಬ್ಬ ಇರುವುದು ಅಕ್ಟೋಬರ್ 31ಕ್ಕೆ. ಆದರೆ ವಾರಗಟ್ಟಲೆ ಮೊದಲೇ ಬೀದಿಯ ಹುಲ್ಲುಹಾಸಿನ ಮೇಲೆ ಥರ್ಮಾಕೋಲಿನ ಗೋರಿಕಲ್ಲುಗಳು, ಮಣ್ಣಿನಿಂದ ಮೇಲೆ ಚಾಚಿದ ಪ್ಲಾಸ್ಟಿಕ್ ಕೈಮೂಳೆಗಳು ಕಾಣಿಸಿಕೊಳ್ಳುತ್ತವೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮಗೆ ಪಿತೃಪಕ್ಷ. ಮಹಾಲಯ ಅಮಾವಾಸ್ಯೆಯಂದು ಅಪ್ಪನ ಫೋಟೊ ಮುಂದೆ ಬಾಳೆಎಲೆ ಹಾಸಿ, ಮುದ್ದೆ, ಹುರುಳಿಕಾಳಿನ ಸಾರು, ಎಲೆಅಡಿಕೆ ಇಟ್ಟು ಎಡೆ ಹಾಕುತ್ತೇನೆ. ಹೊಗೆಯ ಅಲಾರಂ ಕೂಗದಿರಲೆಂದು ಕಿಟಕಿ ತೆರೆದು ಸಾಂಬ್ರಾಣಿ ಹಾಕುತ್ತೇನೆ. ಹಿರಿಯರು ನೆಮ್ಮದಿಯಾಗಿ ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ನಿಲ್ಲುತ್ತೇವೆ. ‘ತಾತನ ಊಟ ಮುಗಿಯಿತೇ?’ ಎಂದು ಮಗಳು ಬಾಗಿಲಿಗೆ ಕಿವಿ ಹಚ್ಚುತ್ತಾಳೆ. ಆ ಮಗುವಿಗೆ ಕೆಲವೇ ವಾರ ಕಳೆಯುವಷ್ಟರಲ್ಲಿ ಬಿಳಿ ಬಟ್ಟೆ ಹೊದಿಸಿ, ಸತ್ತವರೆಂದರೆ ಹೆದರಿಸುವವರು ಎಂಬ ಆಟ ಕಲಿಸುವುದು ನನ್ನಿಂದಾಗದು.

ಹಾಗೆ ನೋಡಿದರೆ ಈ ಹಬ್ಬದ ಬೇರು ನಮಗೆ ತೀರ ದೂರದ್ದೇನಲ್ಲ. ಐರ್ಲೆಂಡಿನಲ್ಲಿ ಚಳಿಗಾಲ ಕಾಲಿಡುವ ಆ ರಾತ್ರಿ ಸತ್ತವರು ಮನೆಗೆ ಬರುತ್ತಾರೆಂದು ನಂಬಿ ಅವರಿಗಾಗಿ ಊಟ ತೆಗೆದಿಡುತ್ತಿದ್ದರು. 1840ರ ದಶಕದ ಕ್ಷಾಮದಿಂದ ಕಂಗೆಟ್ಟು ಹಡಗು ಹತ್ತಿದವರು ಅದನ್ನು ಅಮೆರಿಕಕ್ಕೂ ತಂದರು. ಅಲ್ಲಿ ಟರ್ನಿಪ್ ಗಡ್ಡೆಯಲ್ಲಿ ಕೊರೆಯುತ್ತಿದ್ದ ಮುಖವನ್ನು ಇಲ್ಲಿ ಕುಂಬಳಕಾಯಿಯಲ್ಲಿ ಕೊರೆದರು. ಬರಬರುತ್ತಾ ಊಟ ತೆಗೆದಿಡುವುದು ಮರೆತು, ಹೆದರಿಕೆ ಮಾತ್ರ ಉಳಿಯಿತೆಂದು ನನಗೆ ಬೇಸರ.

ನೆರೆಹೊರೆಯವರ ಸಂಭ್ರಮಕ್ಕೆ ನಾನು ಅಡ್ಡ ಬರುವುದಿಲ್ಲ. ಬಾಗಿಲ ದೀಪ ಆರಿಸಿದ್ದರೆ ಆ ಮನೆಯವರು ಮಿಠಾಯಿ ಹಂಚುವುದಿಲ್ಲ ಎಂದು ಇಲ್ಲಿನ ಮಕ್ಕಳಿಗೆಲ್ಲ ಗೊತ್ತು, ಯಾರೂ ಬೇಸರಿಸಿಕೊಳ್ಳುವುದಿಲ್ಲ.

ನಮ್ಮ ಹಬ್ಬ ಎರಡು ದಿನ ತಡವಾಗಿ ಬರುತ್ತದೆ. ಪಕ್ಕದ ಮನೆಯ ಅಜ್ಜಿ ಮೆಕ್ಸಿಕೊ ಮೂಲದವರು. ನವೆಂಬರ್ 1 ಮತ್ತು 2ರಂದು ತೀರಿಕೊಂಡವರ ಫೋಟೊಗಳನ್ನು ಮೇಜಿನ ಮೇಲೆ ಜೋಡಿಸಿ, ಮೇಣದಬತ್ತಿ ಹಚ್ಚಿ, ಒಂದು ಲೋಟ ನೀರು, ಉಪ್ಪು, ಸಿಹಿ ಬ್ರೆಡ್ ಇಡುತ್ತಾರೆ. ಸುತ್ತ ಚೆಂಡುಹೂವಿನ ರಾಶಿ. ಅದರ ಘಾಟು ಮೂಗಿಗೆ ತಾಗಿದರೆ ಊರಿನ ಆಯುಧಪೂಜೆಯೇ ನೆನಪಾಗುತ್ತದೆ. ಕಳೆದ ವರ್ಷ ಅವರೇ ಕರೆದು, ‘ನಿಮ್ಮ ತಂದೆಯ ಫೋಟೊವನ್ನೂ ತನ್ನಿ’ ಎಂದರು. ತಮ್ಮ ಯಜಮಾನರ ಫೋಟೊವನ್ನು ಸ್ವಲ್ಪ ಸರಿಸಿ ಪಕ್ಕದಲ್ಲೇ ಜಾಗ ಮಾಡಿಕೊಟ್ಟು, ‘ಇವರಿಗೆ ಏನು ಇಷ್ಟ?’ ಎಂದು ಕೇಳಿದರು. ಅಪ್ಪನಿಗೆ ಸಿಹಿ ಸೇರುತ್ತಿರಲಿಲ್ಲ. ಈ ಸಲ ಮುದ್ದೆ ಮಾಡಿಕೊಂಡು ಹೋಗುತ್ತೇವೆ.