ಹೊಸ ಕೋಚನ್ನ ಇಷ್ಟು ಬೇಗ ಕಳಿಸಬೇಡಿ

ಹೋದ ಭಾನುವಾರ ರಾತ್ರಿ ಊಟಕ್ಕೆ ಕೂತಿದ್ದಾಗ ಅಕ್ಕ ಫೋನ್ ಮಾಡಿದ್ಲು. ಅವಳ ಮಗ ಆಡೋ ಫುಟ್‌ಬಾಲ್ ಕ್ಲಬ್ಬಿನ ಪೇರೆಂಟ್ಸ್ ವಾಟ್ಸಾಪ್ ಗ್ರೂಪಲ್ಲಿ ಕೋಚನ್ನ ತೆಗೀಬೇಕಾ ಬೇಡ್ವಾ ಅಂತ ಪೋಲ್ ಹಾಕಿದಾರಂತೆ, ಏನು ಒತ್ತಲಿ ಹೇಳು ಅಂದ್ಲು. ಅಂಡರ್ 15 ಟೀಮು. ಆರು ಮ್ಯಾಚಲ್ಲಿ ಐದು ಸೋತಿದಾರೆ, ಒಂದು ಡ್ರಾ. ಕೋಚಿಗೆ 26 ವರ್ಷ, ಹೋದ ವರ್ಷದವರೆಗೂ ಲೋಕಲ್ ಲೀಗಲ್ಲಿ ಆಡ್ತಿದ್ದ ಹುಡುಗ, ಕೋಚ್ ಆಗಿ ಇದೇ ಮೊದಲ ಕೆಲಸ. ಗ್ರೂಪಲ್ಲಿ ಯಾರೋ ಒಬ್ರು "ಅನುಭವ ಇರೋರನ್ನ ಕರ್ಕೊಂಡು ಬನ್ನಿ, ನಮ್ಮ ಮಕ್ಕಳ ಮೇಲೆ ಪ್ರಯೋಗ ಮಾಡಬೇಡಿ" ಅಂತ ಬರೆದಿದ್ರಂತೆ, ಅದರ ಕೆಳಗೆ ಸಾಲಾಗಿ ಥಂಬ್ಸ್ ಅಪ್.

ನಾನು ಬೇಡ ಅಂತ ಒತ್ತು ಅಂದೆ. ಯಾಕೆ ಅಂತ ಫೋನಲ್ಲಿ ಸರಿಯಾಗಿ ಬಿಡಿಸಿ ಹೇಳೋಕಾಗಲಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ. ಸೋಲೋ ಟೀಮಿನ ಹೊಸ ಕೋಚನ್ನ ಇಟ್ಕೋಬೇಕಾ ಕಳಿಸಬೇಕಾ ಅನ್ನೋದು ಕಂಠೀರವ ಸ್ಟೇಡಿಯಂನಲ್ಲಿ ಕೂತು ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ನೋಡೋ ನಮ್ಮಂಥವರಿಗೆ ಹೊಸ ಪ್ರಶ್ನೆ ಏನಲ್ಲ, ನಾವು ಅದನ್ನ ಎರಡು ಕಡೆಯಿಂದಲೂ ಅನುಭವಿಸಿದೀವಿ.

ಮೊದಲು ಒಂದು ಮಾತು. ಬಿಎಫ್‌ಸಿ ಅನ್ನೋ ಕ್ಲಬ್ ಶುರುವಾಗಿದ್ದೇ ಅನುಭವ ಇಲ್ಲದ ಕೋಚಿಂದ. 2013ರಲ್ಲಿ ಆಶ್ಲಿ ವೆಸ್ಟ್‌ವುಡ್ ಬಂದಾಗ ಇಂಗ್ಲೆಂಡಲ್ಲಿ ಹೆಚ್ಚಾಗಿ ಬೇರೆಯವರ ಕೈಕೆಳಗೆ ಕೋಚಿಂಗ್ ಮಾಡಿದ್ರು, ಮುಖ್ಯ ಕೋಚ್ ಆಗಿ ಹೇಳಿಕೊಳ್ಳೋ ಅಂಥ ಅನುಭವ ಇರಲಿಲ್ಲ. ಆಗ ನಾವು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮ್ಯಾಚ್ ನೋಡ್ತಿದ್ವಿ, ಕ್ಲಬ್ಬೂ ಹೊಸದು, ಕೋಚೂ ಹೊಸಬರು, ಹಾಡೋಕೆ ನಮಗೆ ಸರಿಯಾಗಿ ಹಾಡುಗಳೂ ಇರಲಿಲ್ಲ, ಆದ್ರೆ ಮೊದಲ ವರ್ಷವೇ, ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ವಿ. 2015-16ರಲ್ಲಿ ಇನ್ನೊಂದ್ಸಲ ಗೆದ್ವಿ. ಆಗ ಯಾರೂ ಇವರಿಗೆ ಅನುಭವ ಎಲ್ಲಿದೆ ಅಂತ ಕೇಳಲಿಲ್ಲ, ಯಾಕಂದ್ರೆ ಗೆಲ್ತಿದ್ವಿ. ಅನುಭವದ ಪ್ರಶ್ನೆ ಬರೋದೇ ಸೋಲೋಕೆ ಶುರು ಮಾಡಿದ ಮೇಲೆ.

ಕಾರ್ಲೆಸ್ ಕ್ವಾಡ್ರಾಟ್ ಕಥೆ ನನಗೆ ಇವತ್ತಿಗೂ ನೋವಾಗೋ ಕಥೆ. ಆಲ್ಬರ್ಟ್ ರೋಕಾ ಅವರ ಅಸಿಸ್ಟೆಂಟ್ ಆಗಿ ಬಂದವರು, ರೋಕಾ ಹೋದ ಮೇಲೆ 2018ರಲ್ಲಿ ಕ್ಲಬ್ ಅವರನ್ನೇ ಮುಖ್ಯ ಕೋಚ್ ಮಾಡ್ತು. ಮೊದಲ ಸೀಸನ್ನಲ್ಲೇ ಇಂಡಿಯನ್ ಸೂಪರ್ ಲೀಗಲ್ಲಿ (ಐಎಸ್‌ಎಲ್) ಮೊದಲ ಸ್ಥಾನ, 2019ರ ಮಾರ್ಚಲ್ಲಿ ಮುಂಬೈಲಿ ಗೋವಾ ಮೇಲೆ ಫೈನಲ್, ಎಕ್ಸ್‌ಟ್ರಾ ಟೈಮ್ ಇನ್ನೇನು ಮುಗೀತು ಪೆನಾಲ್ಟಿಗೆ ಹೋಗುತ್ತೆ ಅಂತ ಎಲ್ರೂ ಉಸಿರು ಬಿಗಿ ಹಿಡಿದಿದ್ದಾಗ ಕಾರ್ನರ್ ಬಂದಿದ್ದನ್ನ ರಾಹುಲ್ ಭೆಕೆ ತಲೆಯಲ್ಲಿ ಹೊಡೆದಿದ್ದು. ಐಎಸ್‌ಎಲ್‌ನಲ್ಲಿ ಲೀಗಲ್ಲಿ ಮೊದಲು ಬಂದ ಟೀಮು ಕಪ್ಪನ್ನೂ ಗೆದ್ದಿದ್ದು ಅದೇ ಮೊದಲ ಸಲ. ಆಮೇಲಿನ ವರ್ಷ ಸೆಮಿಫೈನಲ್ ತನಕ ಹೋಗಿ ಕೋಲ್ಕತ್ತಾದ ಎಟಿಕೆ ಕೈಲಿ ಸೋತ್ವಿ.

ಆಮೇಲೆ ಕೋವಿಡ್ ಸೀಸನ್. ಎಲ್ಲಾ ಮ್ಯಾಚೂ ಗೋವಾದಲ್ಲಿ, ಖಾಲಿ ಸ್ಟೇಡಿಯಂ, ಆಟಗಾರರು ಹೋಟೆಲ್ಲು ಗ್ರೌಂಡು ಬಿಟ್ರೆ ಬೇರೆ ಎಲ್ಲೂ ಹೋಗೋ ಹಾಗಿಲ್ಲ. ಅಂಥ ಟೈಮಲ್ಲೂ ಮೊದಲ ಆರು ಮ್ಯಾಚ್ ಬಿಎಫ್‌ಸಿ ಸೋತಿರಲಿಲ್ಲ, ಮೂರು ಗೆಲುವು ಮೂರು ಡ್ರಾ. ಆಮೇಲೆ ಸಾಲಾಗಿ ಮೂರು ಸೋಲು, ಮೋಹನ್ ಬಗಾನ್, ಜಮ್‌ಶೆಡ್‌ಪುರ, ಮುಂಬೈ. ಮುಂಬೈ ಮ್ಯಾಚ್ ಆದ ಮಾರನೇ ದಿನ, 2021ರ ಜನವರಿ 6ಕ್ಕೆ, ಕ್ವಾಡ್ರಾಟ್ ಹೋದ್ರು. ಎರಡು ವರ್ಷದ ಹಿಂದೆ ಕಪ್ ತಂದುಕೊಟ್ಟವರು, ಮೂರು ಮ್ಯಾಚಿಗೆ! ಅವತ್ತು 9 ಮ್ಯಾಚಿಂದ 12 ಪಾಯಿಂಟ್ ಇತ್ತು. ಉಳಿದ 11 ಮ್ಯಾಚಲ್ಲಿ ಬಂದಿದ್ದು ಬರೀ 10. ಏಳನೇ ಸ್ಥಾನ. ಐಎಸ್‌ಎಲ್‌ಗೆ ಬಂದ ಮೇಲೆ ಮೊದಲ ಸಲ ಪ್ಲೇಆಫ್ ತಪ್ಪಿದ್ದು ಆಗಲೇ. ಇದರಲ್ಲಿ ಕ್ವಾಡ್ರಾಟ್ ಜಾಗಕ್ಕೆ ಬಂದ ನೌಶಾದ್ ಮೂಸಾ ಅವರ ತಪ್ಪೇನೂ ಇಲ್ಲ, ನಡು ಸೀಸನ್ನಲ್ಲಿ ಟೀಮನ್ನ ಅವರ ಕೈಗೆ ಹಾಕಿದ್ರು ಅಷ್ಟೇ. ನನಗೆ ಬೇಜಾರಾಗೋದು ಏನಂದ್ರೆ ಕ್ವಾಡ್ರಾಟ್ ಆ ಸೀಸನ್ನಲ್ಲಿ ಮಾಡಿದ ತಪ್ಪುಗಳಿಂದ ಏನು ಕಲಿತ್ರೋ ಅದೆಲ್ಲಾ ನಮಗೆ ಸಿಗಲೇ ಇಲ್ಲ. ಕಲಿಯೋಕೆ ಫೀಸ್ ಕಟ್ಟಿದ್ದು ನಾವು, ಮೂರು ವರ್ಷ ಆದ್ಮೇಲೆ 2024ರ ಜನವರಿಯಲ್ಲಿ ಅದೇ ಮನುಷ್ಯ ಈಸ್ಟ್ ಬೆಂಗಾಲಿಗೆ ಸೂಪರ್ ಕಪ್ ಗೆದ್ದುಕೊಟ್ರು, 12 ವರ್ಷದಿಂದ ದೊಡ್ಡ ಕಪ್ಪೇ ನೋಡದೆ ಇದ್ದ ಕ್ಲಬ್ಬಿಗೆ.

ಕ್ವಾಡ್ರಾಟ್ ನಮ್ಮನ್ನ ಬಿಟ್ಟು ಹೋದ ಆ ವಾರಗಳಲ್ಲೇ ಲಂಡನ್ನಲ್ಲೂ ಇದೇ ನಡೀತಿತ್ತು, ನಾನು ಆರ್ಸೆನಲ್ ಫ್ಯಾನ್ ಬೇರೆ, ಹಾಗಾಗಿ ಎರಡೂ ಒಟ್ಟಿಗೆ ಮೈಮೇಲೆ ಬಂದಿದ್ದು. ಮಿಕೆಲ್ ಆರ್ಟೆಟಾ ಮ್ಯಾಂಚೆಸ್ಟರ್ ಸಿಟಿಯಲ್ಲಿ ಗಾರ್ಡಿಯೋಲಾ ಹತ್ರ ಅಸಿಸ್ಟೆಂಟ್ ಆಗಿದ್ದವರು, ಮುಖ್ಯ ಕೋಚ್ ಆಗಿದ್ದು ಆರ್ಸೆನಲ್ಲಲ್ಲೇ ಮೊದಲು. ಬಂದ ಮೊದಲ ವರ್ಷ ಎಫ್‌ಎ ಕಪ್ ಗೆದ್ರು, ಆಮೇಲೆ 2020ರ ಡಿಸೆಂಬರ್ ಹೊತ್ತಿಗೆ ಲೀಗಲ್ಲಿ ಸಾಲಾಗಿ ಏಳು ಮ್ಯಾಚ್ ಗೆಲುವೇ ಇಲ್ಲ, 14 ಮ್ಯಾಚಿಗೆ 14 ಪಾಯಿಂಟ್, 15ನೇ ಸ್ಥಾನ. ಆರ್ಸೆನಲ್! ಎಲ್ಲಾ ಕಡೆ ತೆಗೀರಿ ತೆಗೀರಿ ಅಂತ ಕೂಗು, ನಾನೂ ಕೂಗಿದ್ದೆ. ಕ್ಲಬ್ ಮಾತ್ರ ಜಗ್ಗಲಿಲ್ಲ. ಕ್ರಿಸ್‌ಮಸ್ ಮಾರನೇ ದಿನ ಚೆಲ್ಸೀ ಮೇಲೆ ಸ್ಮಿತ್ ರೋ, ಸಾಕಾ, ಮಾರ್ಟಿನೆಲ್ಲಿ ಅಂತ ಮೂರು ಹುಡುಗರನ್ನ ಒಟ್ಟಿಗೆ ಇಳಿಸಿ 3-1 ಗೆದ್ರು. ಹಾಗಂತ ಅವತ್ತಿಂದ ಎಲ್ಲಾ ಸರಿಹೋಯ್ತು ಅಂದ್ಕೋಬೇಡಿ, ಆ ವರ್ಷ ಎಂಟನೇ ಸ್ಥಾನ, ಮುಂದಿನ ಸೀಸನ್ ಮೊದಲ ಮೂರು ಮ್ಯಾಚ್ ಒಂದೂ ಗೋಲ್ ಹೊಡೀದೆ ಸೋತು ಟೇಬಲ್ಲಿನ ತಳಕ್ಕೆ ಹೋಗಿದ್ರು. ಆಗಲೂ ಕಳಿಸಲಿಲ್ಲ. 2023ರಿಂದ ಮೂರು ಸೀಸನ್ ಸಾಲಾಗಿ ಎರಡನೇ ಸ್ಥಾನ.

ಇಲ್ಲಿ ಒಂದು ವಿಷಯ ಮುಚ್ಚಿಟ್ರೆ ಮೋಸ ಆಗುತ್ತೆ. ಅದೇ 2021ರ ಜನವರಿಯಲ್ಲಿ ಚೆಲ್ಸೀ ತಮ್ಮ ಹೊಸ ಕೋಚ್ ಫ್ರಾಂಕ್ ಲ್ಯಾಂಪಾರ್ಡನ್ನ ಕಳಿಸ್ತು, ಕ್ಲಬ್ಬಿನ ದೊಡ್ಡ ಹೀರೋ ಆದ್ರೂ ಕಳಿಸ್ತು, ಥಾಮಸ್ ಟೂಕೆಲ್ ಬಂದ್ರು, ನಾಲ್ಕೇ ತಿಂಗಳಲ್ಲಿ ಚಾಂಪಿಯನ್ಸ್ ಲೀಗ್ ಗೆದ್ರು. ಹಾಗಾದ್ರೆ ತೆಗೆಯೋದು ತಪ್ಪು ಅಂತ ಹೆಂಗೆ ಹೇಳೋದು? ನಾನು ಹೇಳ್ತಿರೋದು ಅದಲ್ಲ. ಚೆಲ್ಸೀಗೆ ಮುಂದೆ ಯಾರು ಅಂತ ಗೊತ್ತಿತ್ತು, ಒಂದು ವಾರದೊಳಗೆ ಟೂಕೆಲ್ ಬಂದು ಡಗೌಟಲ್ಲಿ (ಗ್ರೌಂಡ್ ಪಕ್ಕ ಕೋಚ್ ಕೂರೋ ಜಾಗ) ಕೂತಿದ್ರು. ಇಟಲಿಯ ಯುವೆಂಟಸ್ ಅದೇ ವರ್ಷ ತನ್ನ ಹೊಸ ಕೋಚ್ ಪಿರ್ಲೊ ಅವರನ್ನ ಒಂದೇ ಸೀಸನ್ನಿಗೆ ಕಳಿಸಿ ಹಳೇ ಅನುಭವಸ್ಥ ಅಲೆಗ್ರಿನ ವಾಪಸ್ ಕರ್ಕೊಂಡು ಬಂತು, ಪಿರ್ಲೊ ಎರಡು ಕಪ್ ಗೆದ್ದಿದ್ರು, ಅಲೆಗ್ರಿ ಬಂದ ಮೊದಲ ವರ್ಷ ಒಂದೂ ಇಲ್ಲ.

ಈಗ ಮತ್ತೆ ಕಂಠೀರವಕ್ಕೆ ಬರ್ತೀನಿ. 2023ರ ಡಿಸೆಂಬರ್, ಮುಂಬೈ ಸಿಟಿ ನಮ್ಮ ಗ್ರೌಂಡಲ್ಲೇ ನಮಗೆ 4-0 ಹೊಡೀತು. ನಾಲ್ಕನೇ ಗೋಲಿಗೆ ನನ್ನ ಸಾಲಲ್ಲಿದ್ದ ಅರ್ಧ ಜನ ಎದ್ದು ಹೊರಟಿದ್ರು, ನನ್ನ ಪಕ್ಕ ಒಬ್ಬ ಅಪ್ಪ ಮಗಳ ಕೊರಳಿಂದ ನೀಲಿ ಸ್ಕಾರ್ಫ್ ಬಿಚ್ಚಿ ಮಡಚಿ ಬ್ಯಾಗೊಳಗೆ ಇಡ್ತಿದ್ರು, ಅದು ನನಗೆ ಸ್ಕೋರಿಗಿಂತ ಜಾಸ್ತಿ ನೆನಪಿದೆ. ಮಾರನೇ ದಿನ ಸೈಮನ್ ಗ್ರೇಸನ್ ಹೋದ್ರು. ಗಮನಿಸಿ, ಗ್ರೇಸನ್ ಅನುಭವ ಇಲ್ಲದವರಲ್ಲ, ಲೀಡ್ಸ್, ಪ್ರೆಸ್ಟನ್, ಸಂಡರ್‌ಲ್ಯಾಂಡ್ ಎಲ್ಲಾ ನೋಡಿಕೊಂಡು ಬಂದವರು, ನಮಗೆ ಡ್ಯುರಾಂಡ್ ಕಪ್ ಗೆದ್ದುಕೊಟ್ಟವರು, ಲೀಗಲ್ಲಿ ಸಾಲಾಗಿ ಎಂಟು ಮ್ಯಾಚ್ ಗೆದ್ದು ಫೈನಲ್ ತನಕ ಕರ್ಕೊಂಡು ಹೋದವರು. ಅಷ್ಟು ಅನುಭವ ಇದ್ರೂ ಸೋಲು ಬಂದಾಗ ಬಂತು.

ಅವರ ಜಾಗಕ್ಕೆ ಜೆರಾರ್ಡ್ ಝರಗೋಝಾ. ಅದೇ ಕ್ವಾಡ್ರಾಟ್ ಕಪ್ ಗೆದ್ದ ಸೀಸನ್ನಲ್ಲಿ ಅವರ ಅಸಿಸ್ಟೆಂಟ್ ಆಗಿದ್ದವರು. ಮುಖ್ಯ ಕೋಚ್ ಅಂತ ಹೇಳಿಕೊಳ್ಳೋ ದೊಡ್ಡ ಹೆಸರಿರಲಿಲ್ಲ. ಆ ಸೀಸನ್ 22 ಮ್ಯಾಚಿಗೆ 22 ಪಾಯಿಂಟ್, ಹತ್ತನೇ ಸ್ಥಾನ, ಕ್ಲಬ್ಬಿನ ಚರಿತ್ರೆಯಲ್ಲೇ ಅಷ್ಟು ಕೆಳಗೆ ಇಳಿದಿರಲಿಲ್ಲ. ಆ ಬೇಸಿಗೆಯಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿತ್ತು, ಇವರೂ ಹೋಗಲಿ, ಹೆಸರಿರೋ ಒಬ್ರನ್ನ ತರಲಿ ಅಂತ ಫ್ರೆಂಡ್ಸ್ ಹತ್ರ ಗಂಟೆಗಟ್ಟಲೆ ವಾದ ಮಾಡಿದೀನಿ. ಕ್ಲಬ್ ಇಟ್ಕೊಳ್ತು. ಬರೀ ಇಟ್ಕೊಳ್ಳಲಿಲ್ಲ, ಅವರಿಗೆ ಬೇಕಾದ ಆಟಗಾರರನ್ನೂ ತಂದುಕೊಡ್ತು, ನೊಗುವೇರಾ ಬಂದ್ರು, ಪೆರೇರಾ ಡಿಯಾಝ್ ಬಂದ್ರು, ನಮ್ಮ ಹಳೇ ಭೆಕೆ ವಾಪಸ್ ಬಂದ್ರು. ಹೊಸ ಕೋಚಿಗೆ ಟೈಮ್ ಕೊಡ್ತೀವಿ ಅಂತ ಹೇಳಿ ಹಳೇ ಸಾಮಾನಲ್ಲೇ ಅಡುಗೆ ಮಾಡು ಅಂದ್ರೆ ಅದು ಟೈಮ್ ಕೊಟ್ಟ ಹಾಗಲ್ಲ.

2024ರ ಸೆಪ್ಟೆಂಬರ್ 14, ಸೀಸನ್ನಿನ ಮೊದಲ ಮ್ಯಾಚು, ಎದುರಿಗೆ ಈಸ್ಟ್ ಬೆಂಗಾಲ್. ಒಂದು ಡಗೌಟಲ್ಲಿ ಝರಗೋಝಾ, ಇನ್ನೊಂದರಲ್ಲಿ ಕ್ವಾಡ್ರಾಟ್! ಅಕಾಡೆಮಿಯಲ್ಲಿ ಬೆಳೆದ 19 ವರ್ಷದ ವಿನೀತ್ ವೆಂಕಟೇಶ್ ಗೋಲ್ ಹೊಡೆದ, ಗೆದ್ವಿ 1-0. ಕುಣಿದೆ, ಪಕ್ಕದಲ್ಲಿದ್ದವರನ್ನೆಲ್ಲಾ ತಬ್ಕೊಂಡೆ, ಆದ್ರೆ ಮ್ಯಾಚ್ ಮುಗಿದ ಮೇಲೆ ಟ್ರ್ಯಾಕಿನ ಆಚೆ ಡಗೌಟ್ ಕಡೆ ನೋಡ್ತಾ ಹೊಟ್ಟೆಯಲ್ಲಿ ಒಂಥರಾ ಆಯ್ತು. ಎರಡು ವಾರಕ್ಕೆ ಕ್ವಾಡ್ರಾಟ್ ಈಸ್ಟ್ ಬೆಂಗಾಲನ್ನೂ ಬಿಟ್ರು, ಮತ್ತೆ ಸಾಲಾಗಿ ಮೂರು ಸೋಲು ಆದ ಮೇಲೆ. ಇತ್ತ ಝರಗೋಝಾ ಟೀಮು ಅದೇ ತಿಂಗಳಲ್ಲಿ ಮೋಹನ್ ಬಗಾನಿಗೆ 3-0 ಹೊಡೀತು.

ಜನವರಿಯಲ್ಲಿ ಮತ್ತೆ ಸೋಲು ಶುರುವಾಯ್ತು, ಮನೆ ಗ್ರೌಂಡಲ್ಲೇ ಮೊಹಮ್ಮಡನ್ ಕೈಲಿ ಸೋತ್ವಿ, ಆ ಸೀಸನ್ ಕೊನೇ ಸ್ಥಾನಕ್ಕೆ ಬಂದ ಟೀಮದು. ಹಳೇ ಲೆಕ್ಕದಲ್ಲಿ ಇದು ಕೋಚ್ ಕಳಿಸೋ ಟೈಮು. ಕಳಿಸಲಿಲ್ಲ. ಮಾರ್ಚ್ ಕೊನೆಗೆ ಪ್ಲೇಆಫಲ್ಲಿ ಮುಂಬೈ ಸಿಟಿ ಬಂತು ಕಂಠೀರವಕ್ಕೆ, ಹದಿನೈದು ತಿಂಗಳ ಹಿಂದೆ 4-0 ಹೊಡೆದು ಹೋಗಿದ್ರಲ್ಲ ಅವರೇ, ಅವರಿಗೆ 5-0. ಆಮೇಲೆ ಗೋವಾದಲ್ಲಿ ಇಂಜುರಿ ಟೈಮಲ್ಲಿ ಛೆಟ್ರಿ ಹೆಡರು, ಫೈನಲ್. ಫೈನಲಲ್ಲಿ ಎಕ್ಸ್‌ಟ್ರಾ ಟೈಮಲ್ಲಿ ಸೋತ್ವಿ, ಅದು ಬೇರೆ ನೋವು, ಅದರ ಬಗ್ಗೆ ಬರೆಯೋಕೆ ಇನ್ನೂ ಕೈ ಬರ್ತಿಲ್ಲ.

ಹಾಗಾಗಿ ಈಗ ಯಾರಾದ್ರೂ ಹೊಸ ಕೋಚ್ ಸೋಲ್ತಿದಾನೆ ಅಂದ್ರೆ ನಾನು ಟೇಬಲ್ ಆಮೇಲೆ ನೋಡ್ತೀನಿ. ಎಂಬತ್ತನೇ ನಿಮಿಷದಲ್ಲಿ ಎರಡು ಗೋಲ್ ಹಿಂದೆ ಇದ್ದಾಗ ಬಾಲ್ ಕಳ್ಕೊಂಡ ಆಟಗಾರ ವಾಪಸ್ ಓಡ್ತಾನಾ ಅಥವಾ ಸೊಂಟದ ಮೇಲೆ ಕೈ ಇಟ್ಕೊಂಡು ನಿಲ್ತಾನಾ ಅಂತ ನೋಡ್ತೀನಿ. ಓಡ್ತಿದ್ರೆ ಅವನು ಇನ್ನೂ ಕೋಚಿನ ಮಾತು ಕೇಳ್ತಿದಾನೆ ಅಂತ. ಇನ್ನೊಂದು, ಕೋಚು ಮೊದಲ ಮ್ಯಾಚಲ್ಲಿ ಮಾಡಿದ ತಪ್ಪನ್ನೇ ಆರನೇ ಮ್ಯಾಚಲ್ಲೂ ಮಾಡ್ತಿದಾನಾ? ಹೊಸಬ ತಪ್ಪು ಮಾಡೇ ಮಾಡ್ತಾನೆ, ಅದೇ ತಪ್ಪು ಮತ್ತೆ ಮತ್ತೆ ಆದ್ರೆ ಕಳಿಸಿ, ನಾನೇನೂ ಅಡ್ಡ ಬರಲ್ಲ.

ಅಕ್ಕನ ಮಗನ ಮ್ಯಾಚಿಗೆ ಮೂರು ಸಲ ಹೋಗಿದೀನಿ. ಮೊದಲನೇ ಸಲ ಆ ಕೋಚ್ ಹುಡುಗ ಲೈನ್ ಉದ್ದಕ್ಕೂ ಓಡ್ತಾ ಪ್ರತಿ ಪಾಸಿಗೂ ಕಿರುಚ್ತಿದ್ದ, ಮಕ್ಕಳು ಬಾಲ್ ಬಿಟ್ಟು ಅವನ ಮುಖ ನೋಡ್ತಿದ್ರು, ಆರು ಗೋಲು ತಿಂದ್ರು. ಹೋದ ವಾರ ಬೇರೆ ಥರ ಇದ್ದ. ಬಾಲ್ ಬ್ಯಾಗ್ ಮೇಲೆ ಕೂತು ನೂರು ಪುಟದ ನೋಟ್‌ಬುಕ್ಕಲ್ಲಿ ಏನೋ ಬರ್ಕೊಳ್ತಿದ್ದ, ಬಾಯಿ ತೆಗೆದಿದ್ದು ಬ್ರೇಕಲ್ಲಿ ಮಾತ್ರ. ಮಕ್ಕಳು ನೀರು ಕುಡೀತಾ ಕೆಂಪು ಮಣ್ಣಲ್ಲಿ ಸುತ್ತ ಕೂತಾಗ ನಾಲ್ಕು ಕೋನ್ ಇಟ್ಟು, ಕಾಲಿನ ಚಪ್ಪಲಿ ಬಿಚ್ಚಿ ಅದನ್ನೇ ಎದುರಾಳಿ ಸ್ಟ್ರೈಕರ್ ಅಂತ ಇಟ್ಟು, "ಇವನು ಇಲ್ಲಿಂದ ಬರ್ತಿದಾನೆ, ನೀನು ಎಲ್ಲಿರ್ಬೇಕು, ನೀನೇ ಇಟ್ಟು ತೋರ್ಸು" ಅಂತ ನಮ್ಮ ಹುಡುಗನ ಕೈಗೆ ಕೋನ್ ಕೊಟ್ಟ. ಎರಡನೇ ಅರ್ಧದಲ್ಲಿ ಆ ಕಡೆಯಿಂದ ಒಂದೂ ಗೋಲ್ ಬರಲಿಲ್ಲ. ಮ್ಯಾಚ್ ಸೋತ್ರು, 2-1. ಆರು ಗೋಲಿಂದ ಎರಡು ಗೋಲಿಗೆ ಬಂದಿದಾರೆ, ಗ್ರೂಪಲ್ಲಿ ಮಾತ್ರ ಐದು ಸೋಲು ಅಂತಷ್ಟೇ ಲೆಕ್ಕ.

ಈ ಕೋಚ್ ಹೋದ್ರೆ ಯಾರು ಬರ್ತಾರೆ ಅಂತ ಅಕ್ಕನಿಗೆ ಗ್ರೂಪಲ್ಲಿ ಕೇಳು ಅಂದಿದ್ದೆ. ಕೇಳಿದ್ಲು. "ನೋಡೋಣ" ಅಂತ ಉತ್ತರ ಬಂತಂತೆ.

ಪೋಲ್ ಇನ್ನೂ ಮುಗಿದಿಲ್ಲ, ತೆಗೀಬೇಕು ಅನ್ನೋರು 11, ಬೇಡ ಅನ್ನೋರು 9. ಬರೋ ಭಾನುವಾರ ಬೆಳಗ್ಗೆ ಏಳಕ್ಕೆ ಮ್ಯಾಚಿದೆ, ನಾನೂ ಹೋಗ್ತೀನಿ. ಉಳಿದ ಅಪ್ಪ ಅಮ್ಮಂದಿರನ್ನೂ ಕರಿ, ಬ್ರೇಕಲ್ಲಿ ಗೇಟ್ ಹತ್ರ ಕಾಫಿಗೆ ಹೋಗದೆ ಆ ಕೋನುಗಳ ಹತ್ರ ಬಂದು ನಿಂತು ಅವನು ಏನು ಹೇಳ್ತಾನೆ ಕೇಳಲಿ, ಆಮೇಲೆ ಓಟು ಹಾಕಲಿ ಅಂತ ಅಕ್ಕನಿಗೆ ಹೇಳಿದೀನಿ.