‘ಲಟ್’ ಅಂದ ಮೇಲಿನ ಕೆಲಸ

ಈಚೆಗೆ ಸೊಂಟನೋವು ಅಂತ ಬರುವವರಲ್ಲಿ ಸುಮಾರು ಜನ ಮೊಬೈಲ್ ಮುಂದೆ ಹಿಡಿದೇ ಒಳಗೆ ಬರುತ್ತಾರೆ. ಅದರಲ್ಲಿ ಕೈರೋಪ್ರಾಕ್ಟಿಕ್ ವಿಡಿಯೋ. ಮಲಗಿದವನ ಸೊಂಟ ತಿರುಗಿಸಿ ಒಂದು ಒತ್ತು ಒತ್ತುತ್ತಾರೆ, ಮೈಕಿನಲ್ಲಿ ಲಟಲಟ ಕೇಳುತ್ತದೆ, ಅವನು ನಗುತ್ತಾ ಎದ್ದು ಕೂರುತ್ತಾನೆ. "ಮೇಡಂ, ನಂಗೂ ಹಿಂಗೇ ಮಾಡಿಬಿಡಿ."

ನಾನು ಫಿಸಿಯೋಥೆರಪಿಸ್ಟ್. ಬೆನ್ನಿನ ಕೀಲುಗಳನ್ನು ಕೈಯಿಂದ ಒತ್ತಿ ಸಡಿಲ ಮಾಡುವುದನ್ನು ನಮಗೂ ಕಲಿಸುತ್ತಾರೆ. ಬೇಕಾದವರಿಗೆ ನಾನೂ ಮಾಡುತ್ತೇನೆ. ಆದರೆ ವರ್ಷಗಟ್ಟಲೆ ಸೊಂಟ ನೋಯಿಸಿಕೊಂಡವರ ಜೊತೆ ಕೆಲಸ ಮಾಡಿ ನನಗೆ ಗೊತ್ತಾಗಿದ್ದು ಇಷ್ಟು: ಒತ್ತಿದ ಮೇಲೆ ಸಿಗುವ ಆರಾಮ ಜಾಸ್ತಿ ದಿನ ಇರುವುದಿಲ್ಲ. ಅದು ಇರುವಷ್ಟರಲ್ಲೇ ಸೋತ ಸ್ನಾಯುವಿಗೆ ಕೆಲಸ ಕೊಡಬೇಕು.

ಕೈರೋಪ್ರಾಕ್ಟಿಕ್ ಶುರುವಾಗಿದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಊರಿನಲ್ಲಿ. ಡಿ. ಡಿ. ಪಾಮರ್ ಅನ್ನುವವರು ಕಿವಿ ಮಂದವಾಗಿದ್ದ ಒಬ್ಬರ ಬೆನ್ನೊತ್ತಿ ಕಿವಿ ಕೇಳುವ ಹಾಗೆ ಮಾಡಿದೆ ಅಂದರು. ಹೆಚ್ಚಿನ ಕಾಯಿಲೆಗಳಿಗೆಲ್ಲ ಬೆನ್ನುಮೂಳೆ ಜಾಗ ತಪ್ಪಿರುವುದೇ ಕಾರಣ ಅನ್ನುವ ಅವರ ವಾದವನ್ನು ಇವತ್ತು ವಿಜ್ಞಾನ ಒಪ್ಪುವುದಿಲ್ಲ. ಒತ್ತಿದರೆ ಸೊಂಟನೋವು ಸ್ವಲ್ಪ ಇಳಿಯುತ್ತದೆ ಅನ್ನುವುದಷ್ಟೇ ಉಳಿದಿದೆ. ನಮ್ಮ ಕಡೆಯವರೇನು ಕಮ್ಮಿ? ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ಸೊಂಟಕ್ಕೆ ಒದೆಸಿಕೊಂಡರೆ ಉಳುಕು ಹೋಗುತ್ತೆ ಅಂತ ಹುಡುಕಿಕೊಂಡು ಹೋಗುವವರು ಈಗಲೂ ಇದ್ದಾರೆ.

ಆ ಸದ್ದು ಮೂಳೆ ಜಾಗಕ್ಕೆ ಕೂತಿದ್ದಕ್ಕೆ ಬಂದಿದ್ದು ಅಂತ ಎಲ್ಲರ ಲೆಕ್ಕ. ಬೆರಳಿನ ಲಟಿಕೆ ತೆಗೆದಾಗ ಬರುವುದೂ ಅದೇ ಸದ್ದು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ಎಂಆರ್‌ಐ ಯಂತ್ರದೊಳಗೆ ಬೆರಳು ಎಳೆದು ನೋಡಿದರು. ಕೀಲು ಹಿಗ್ಗುತ್ತಿದ್ದಂತೆ ಒಳಗಿನ ದ್ರವದಲ್ಲಿ ಗುಳ್ಳೆಯಂಥ ಜಾಗ ಹುಟ್ಟುತ್ತದೆ, ಸದ್ದು ಬರುವುದು ಆಗ. ಯಾವ ಮೂಳೆಯೂ ಎಲ್ಲಿಗೂ ಹೋಗಿರುವುದಿಲ್ಲ. ಹಾಗಂತ ಆರಾಮ ಸುಳ್ಳು ಅಂತಲ್ಲ. ಒತ್ತಿದಾಗ ಬಿಗಿ ಸಡಿಲವಾಗುತ್ತದೆ, ನೋವು ಸ್ವಲ್ಪ ಹೊತ್ತು ತಗ್ಗುತ್ತದೆ.

ಒಬ್ಬ ಬಸ್ ಡ್ರೈವರ್ ಅಣ್ಣ ಬಂದಿದ್ದರು. ರಾತ್ರಿ ಪಾಳಿ, ದೂರದ ರೂಟು. ಸೊಂಟಕ್ಕೆ ಅಗಲವಾದ ಬೆಲ್ಟ್, ಕೈಯಲ್ಲಿ ಎಂಆರ್‌ಐ ಕವರ್. "ಡಿಸ್ಕ್ ಊದಿದೆ ಅಂತೆ ಮೇಡಂ, ಮುಗೀತು ಅಂತಾಯ್ತು" ಅಂದರು. ಬೇರೆ ಕಡೆ ಹೋಗಿ ಆಗಾಗ ಲಟ್ ಅನ್ನಿಸಿಕೊಂಡು ಬರುತ್ತಿದ್ದರು. ಒಂದೆರಡು ದಿನ ಹಗುರ, ಮತ್ತೆ ಅದೇ ಕಥೆ. ಡಿಸ್ಕ್ ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ. ಯಾವ ನೋವೂ ಇಲ್ಲದ 20ರ ಹರೆಯದವರಲ್ಲೇ ನೂರಕ್ಕೆ ಸುಮಾರು 30 ಜನರ ಸ್ಕ್ಯಾನಿನಲ್ಲಿ ಡಿಸ್ಕ್ ಊದಿರುವುದು ಕಾಣುತ್ತದೆ ಅಂತ ಹೇಳಿದೆ. ನಂಬಲಿಲ್ಲ. ರಿಪೋರ್ಟಿನ ಕಾಗದಕ್ಕೆ ಅಷ್ಟು ಬೆಲೆ.

ಅಂಗಾತ ಇದ್ದವರನ್ನು ಬೋರಲು ಮಲಗಿಸಿ, ಬೆಲ್ಟ್ ಕಟ್ಟುವ ಜಾಗದಲ್ಲಿ ಬೆನ್ನುಮೂಳೆಯ ಎರಡೂ ಪಕ್ಕ ನನ್ನ ಬೆರಳಿಟ್ಟೆ. ಅಲ್ಲಿ ಮೂಳೆಗೆ ಅಂಟಿಕೊಂಡೇ ಮಲ್ಟಿಫಿಡಸ್ ಅನ್ನುವ ಸ್ನಾಯು ಇದೆ. ಕೈಯನ್ನು ಮೇಲಕ್ಕೆತ್ತಿ ಅಂದೆ. ಒಂದು ಪಕ್ಕ ಬೆರಳಡಿಯಲ್ಲಿ ಗಟ್ಟಿಯಾಯಿತು. ನೋಯುವ ಪಕ್ಕ ಕಲಸಿಟ್ಟ ಚಪಾತಿ ಹಿಟ್ಟಿನ ಹಾಗೆ ಮೆತ್ತಗೇ ಇತ್ತು. ಅವರ ಬೆರಳನ್ನೇ ಅಲ್ಲಿಡಿಸಿದೆ. "ಅರೆ, ಇಲ್ಲಿ ಏನೂ ಇಲ್ವಲ್ಲ ಮೇಡಂ!" ಎಂಆರ್‌ಐ ಬಗ್ಗೆ ನಾನು ಎಷ್ಟು ಹೇಳಿದರೂ ಇಳಿಯದ ಮಾತು ಅಷ್ಟರಲ್ಲೇ ಇಳಿಯಿತು.

ಈ ಸ್ನಾಯುವಿನ ತಕರಾರೇ ಇದು. ನೋವು ಬಂದ ಕಡೆ ಬೇಗ ಸೊರಗುತ್ತದೆ, ನೋವು ಹೋದರೂ ತಾನಾಗಿ ತುಂಬಿಕೊಳ್ಳುವುದಿಲ್ಲ. ಆಸ್ಟ್ರೇಲಿಯಾದ ಸಂಶೋಧಕರು 1990ರ ದಶಕದಲ್ಲೇ ಅಲ್ಟ್ರಾಸೌಂಡಿನಲ್ಲಿ ಅಳೆದು ಇದನ್ನು ತೋರಿಸಿದ್ದಾರೆ. ಹೊರಗಿಂದ ಎಷ್ಟು ಒತ್ತಿದರೂ ಇದು ಬೆಳೆಯುವುದಿಲ್ಲ.

ಅವತ್ತು ಕೀಲು ಸಡಿಲಿಸಿ, ನೋವು ತಗ್ಗಿದ ಕೂಡಲೇ ಮಂಚದ ಮೇಲೆ ಅಂಬೆಗಾಲಲ್ಲಿ ನಿಲ್ಲಿಸಿದೆ. ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ. ಕೆನಡಾದ ಬೆನ್ನುಮೂಳೆ ಸಂಶೋಧಕ ಸ್ಟುವರ್ಟ್ ಮೆಕ್‌ಗಿಲ್ ಜನಪ್ರಿಯ ಮಾಡಿದ ಮೂರು ವ್ಯಾಯಾಮಗಳಲ್ಲಿ ಇದೊಂದು. ಸೊಂಟದ ಮೇಲೆ ಅರ್ಧ ನೀರಿದ್ದ ಸ್ಟೀಲ್ ಲೋಟ ಇಟ್ಟೆ. ಕಾಲೆತ್ತಿದ ತಕ್ಷಣ ಸೊಂಟ ವಾಲಿ ಲೋಟ ಉರುಳಿ ಬೆಡ್‌ಶೀಟೆಲ್ಲ ಒದ್ದೆ. ಬಸ್ಸು ವಾಲದ ಹಾಗೆ ಓಡಿಸುವವರು ಇದನ್ನು ಸುಮ್ನೆ ಬಿಡುತ್ತಾರಾ? ಮತ್ತೆ ಇಡಿ ಅಂದರು. ಕಾಲು ಅಷ್ಟು ಮೇಲೆತ್ತಬೇಡಿ, ಹಿಮ್ಮಡಿಯನ್ನು ಗೋಡೆ ಕಡೆ ತಳ್ಳಿ ಅಂದ ಮೇಲೆ ಲೋಟ ನಿಂತಿತು. ಹತ್ತು ಸೆಕೆಂಡ್ ಹಿಡಿಯುವುದು, ಇಳಿಸುವುದು, ಮತ್ತೆ ಎತ್ತುವುದು.

ಮನೆಗೆ ಕೊಟ್ಟಿದ್ದು ಎರಡೇ ವ್ಯಾಯಾಮ. ಹತ್ತು ವ್ಯಾಯಾಮದ ಚೀಟಿ ಕೊಟ್ಟರೆ ಅದು ಶರ್ಟಿನ ಜೇಬಲ್ಲೇ ಒಗೆದುಹೋಗುತ್ತದೆ. ಟೈಮ್ ಹೇಳಲಿಲ್ಲ, ಜಾಗ ಹೇಳಿದೆ: ಡಿಪೋದ ವಿಶ್ರಾಂತಿ ಕೋಣೆಯಲ್ಲಿ, ಬಸ್ ಕೀಲಿ ತಗೊಳ್ಳೋ ಮುಂಚೆ. ಮೊದಲೆರಡು ವಾರ ಏನೂ ಗೊತ್ತಾಗದು, ಸ್ನಾಯು ತುಂಬಲು ತಿಂಗಳುಗಳೇ ಬೇಕು ಅಂತ ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಡುವೆ ಬಿಟ್ಟು ಮತ್ತೆ ಲಟ್ ಅನ್ನಿಸಿಕೊಳ್ಳಲು ಓಡುತ್ತಾರೆ. ಬೆಲ್ಟ್ ಮಾತ್ರ ನಿಧಾನಕ್ಕೆ ಬಿಡಿಸಿದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ, ಬಹುಕಾಲದ ಸೊಂಟನೋವಿಗೆ ವ್ಯಾಯಾಮದ ಜೊತೆ ಕೈಯಿಂದ ಒತ್ತುವ ಚಿಕಿತ್ಸೆಯನ್ನೂ ಒಪ್ಪಿದೆ, ಬೆಲ್ಟನ್ನು ಮಾಮೂಲಿಯಾಗಿ ಕೊಡಬೇಡಿ ಅಂದಿದೆ. ನಮ್ಮೂರ ಮೆಡಿಕಲ್ ಶಾಪಿನಲ್ಲಿ ಬಾಗಿಲಿಗೇ ನೇತುಹಾಕಿರುವುದು ಅದನ್ನೇ, ಅಲ್ವಾ?

ಕುತ್ತಿಗೆಯ ವಿಷಯಕ್ಕೆ ಬಂದರೆ ನಾನು ಕಟ್ಟುನಿಟ್ಟು. ಕಟಿಂಗ್ ಆದ ಮೇಲೆ ಸಲೂನಿನವರು ತಲೆ ಹಿಡಿದು ಫಟ್ ಅಂತ ತಿರುಗಿಸುತ್ತಾರಲ್ಲ, ಬೇಡ ಅನ್ನಿ. ಅಪರೂಪಕ್ಕಾದರೂ ಮಿದುಳಿಗೆ ಹೋಗುವ ರಕ್ತನಾಳದ ಗೋಡೆ ಸೀಳಿ ಪಾರ್ಶ್ವವಾಯು ಆಗಿದ್ದಿದೆ. ಇನ್ನು ಸೊಂಟನೋವಿನ ಜೊತೆ ಮೂತ್ರ ಕಟ್ಟಿದ್ದರೆ, ಗೊತ್ತಾಗದೆ ಹೋಗುತ್ತಿದ್ದರೆ, ತೊಡೆ ಸಂದಿ ಮರಗಟ್ಟಿದ್ದರೆ, ಕಾಲಿನ ಬಲ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ನಾನು ಮಂಚದ ಮೇಲೆ ಮಲಗಿಸುವುದೂ ಇಲ್ಲ. ಅದೇ ಗಳಿಗೆಯಲ್ಲಿ ದೊಡ್ಡಾಸ್ಪತ್ರೆಗೆ ಚೀಟಿ ಬರೆದು, ಜೊತೆಗೆ ಬಂದವರ ಕೈಗೆ ಕೊಟ್ಟು, ಆಟೋ ಹತ್ತಿಸುತ್ತೇನೆ.